ಒಂದು ನಿಮಿಷದ ತಂಪು

ನಮ್ಮ ಕಬಡ್ಡಿ ತಂಡದ ಔಷಧಿ ಚೀಲ ನನ್ನ ಹೆಗಲಿಗೇ. ಮಾನ್ವಿ ಬಸ್‌ಸ್ಟ್ಯಾಂಡಿನಲ್ಲಿ ಕೂತು ಆಟಗಾರನೊಬ್ಬನ ಉಳುಕಿದ ಪಾದಕ್ಕೆ ಈಥೈಲ್ ಕ್ಲೋರೈಡ್ ಸ್ಪ್ರೇ ಹೊಡೆಯುತ್ತಿದ್ದೆ. ಮೈಗೆ ತಾಗಿದೊಡನೆ ಆವಿಯಾಗಿ, ಚರ್ಮದ ಬಿಸಿಯನ್ನು ಎಳೆದುಕೊಂಡು ಹೋಗುವ ದ್ರವ ಅದು. ಆ ಜಾಗ ಮರಗಟ್ಟುತ್ತದೆ. ಅವನ ಮುಖ ಅರಳಿದ್ದೇ ತಡ, ಪಕ್ಕದಲ್ಲಿದ್ದ ಮುದುಕಿ ಸೀರೆ ಸರಿಸಿ ಮೊಣಕಾಲು ಚಾಚಿದಳು.

“ನನಗೂ ಒಂಚೂರು ಹೊಡಿ ಯಪ್ಪಾ.”

“ಯವ್ವಾ, ಇದು ಬ್ಯಾನಿ ಕಳೆಯೋ ಔಷಧ ಅಲ್ಲ. ಒಂದು ನಿಮಿಷ ಗೊತ್ತಾಗಂಗಿಲ್ಲ, ಆಮ್ಯಾಲ ಮತ್ತ ಬರ್ತದ.”

“ಒಂದು ನಿಮಿಷ ಸಾಕು. ದೇವದುರ್ಗದ ಬಸ್ ಬಂತು ನೋಡು. ಹಿಂದಿನದು ನನ್ನ ಬಿಟ್ಟಽ ಹೋತು. ಟಿಕೇಟು ಫ್ರೀ ಆತು, ಮೆಟ್ಲು ಮಾತ್ರ ಮೊದಲಿನಷ್ಟಽ ಎತ್ತರ ಅದ.”

ಇದು ಆಟಗಾರರಿಗಷ್ಟೇ ಎಂದು ಹೇಳಬೇಕಿತ್ತು. ಆದರೂ ಮೊಣಕಾಲಿಗೆ ಹೊಡೆದೆ. “ಅಯ್ಯ, ಬರ್ಫ!” ಎಂದವಳೇ ಎದ್ದು, ಕಂಬಿ ಹಿಡಿದು ಒಂದೇ ಉಸಿರಿಗೆ ಬಸ್ ಹತ್ತಿದಳು.

“ಇಳಿಯಾಗ ಏನ್ ಮಾಡ್ತೀ ಯವ್ವಾ?” ಎಂದು ಕೂಗಿದೆ.

ಕಿಟಕಿಯಿಂದ ತಲೆ ಹೊರಗೆ ಹಾಕಿದಳು.

“ಹತ್ತೋರಿಗೆ ತಡ ಆದ್ರ ಬಸ್ ಬಿಟ್ಟು ಹೋಗ್ತದ. ಇಳಿಯೋರನ್ನ ಹೊತ್ಕೊಂಡು ಎಲ್ಲಿಗೆ ಹೋಗ್ತದ?”