ನಾನು ಹೊಗಳಿದ ಮೆಟ್ಟಿಲು

ಈ ದೇಶದಲ್ಲಿ ರಜೆಯ ದಿನ ಬುತ್ತಿ ಕಟ್ಟಿಕೊಂಡು, ತಮ್ಮ ಹಿರಿಯರು ಜನರನ್ನು ಕೂಡಿಹಾಕಿ ಕೊಂದ ಜಾಗವನ್ನು ಮಕ್ಕಳಿಗೆ ತೋರಿಸಲು ಹೋಗುತ್ತಾರೆ. ಹೀಗೂ ಇರುತ್ತದೆಯೇ! ಮನೆಯ ಮಾನ ಹೋಗುವ ಸಂಗತಿಗೆ ನಮ್ಮಲ್ಲಿ ಬೋರ್ಡು ಬರೆಸುವುದಿರಲಿ, ಬಾಯೇ ಬಿಡುವುದಿಲ್ಲ.

ಶಹಾಬಾದಿನವನಾದ ನಾನು ಸಿಮೆಂಟ್ ಯಂತ್ರದ ಕೆಲಸ ಕಲಿಯಲು ಜರ್ಮನಿಗೆ ಬಂದು ಆರು ವರ್ಷವಾಯಿತು. ಜೋಳದ ರೊಟ್ಟಿ ತಿಂದ ಬಾಯಿಗೆ ಈಗ ಬ್ರೋಟ್, ಅಂದರೆ ಇಲ್ಲಿಯ ಕಪ್ಪು ರೊಟ್ಟಿ, ರುಚಿಸುತ್ತದೆ. ನನ್ನ ಹರಕು ಜರ್ಮನ್ ತಿದ್ದುವವಳು ಮನೆಯೊಡತಿ ಹಿಲ್ಡಾ, ಅರವತ್ತು ದಾಟಿದವಳು. ಯುದ್ಧಕಾಲದ ಅಂಥದೊಂದು ಕೈದಿಗಳ ಕ್ಯಾಂಪಿನ ಪಕ್ಕದ ಊರಲ್ಲೇ ಬೆಳೆದರೂ ಒಳಗೆ ಕಾಲಿಟ್ಟಿರಲಿಲ್ಲ. "ಒಬ್ಬಳೇ ಹೋಗಲಾರೆ, ಬರುತ್ತೀಯಾ?" ಎಂದಳು. ಹೋದೆ.

ಒಳಗೊಂದು ಕಲ್ಲಿನ ಗಣಿ, ಅದಕ್ಕೆ ಇಳಿಯುವ ಮೆಟ್ಟಿಲು. ಕಲ್ಲು ಕಂಡರೆ ಶಹಾಬಾದಿನವನ ಕೈ ಸುಮ್ಮನಿರುತ್ತದೆಯೇ? ನಮ್ಮ ಗಣಿಗಳಲ್ಲಿ ಮಾಡುವಂತೆ ಬೆರಳ ಗೆಣ್ಣಿನಿಂದ ತಟ್ಟಿದೆ. ಬಿರುಕಿದ್ದರೆ ದಬ್ ಅನ್ನುತ್ತದೆ. ಇದು ಠಣ್ ಅಂದಿತು. "ಅಬಾಬಾ, ಏನು ಕೆಲಸ! ಕಡಿದವನ ಕೈಗೆ ಚಿನ್ನದ ಕಡಗ ತೊಡಿಸಬೇಕು" ಅಂದುಬಿಟ್ಟೆ, ಗಟ್ಟಿಯಾಗಿ, ನಗುತ್ತಾ.

ಹಿಲ್ಡಾ ಬೋರ್ಡು ತೋರಿಸಿದಳು. ಕಡಿದವರು ಕೈದಿಗಳು. ಕಲ್ಲು ಹೊತ್ತು ಇದೇ ಮೆಟ್ಟಿಲ ಮೇಲೆ ಬಿದ್ದು ಸತ್ತವರು. ತಟ್ಟಿದ ಕೈಯನ್ನು ಕೋಟಿನ ಜೇಬಿಗೆ ತುರುಕಿಕೊಂಡೆ.

"ಇಲ್ಲಿಯ ಹೊಗೆ ನಮ್ಮ ಅಡುಗೆಮನೆಗೆ ಬರುತ್ತಿತ್ತು. ನಾವು ಕೇಳಲಿಲ್ಲ" ಎಂದಳು. ಆಮೇಲೆ, "ನಿಮ್ಮೂರಲ್ಲಿ ಇಂಥದ್ದೇನೂ ನಡೆದಿಲ್ಲ, ಅಲ್ಲವೇ?"

"ಇಲ್ಲ" ಅಂದೆ. ಶುದ್ಧ ಸುಳ್ಳು.

ನಾನು ಚಿಕ್ಕವನಿದ್ದಾಗ, ನಿಜಾಮನ ರಾಜ್ಯ ಮುಗಿದ ಗದ್ದಲದಲ್ಲಿ, ಪಕ್ಕದ ಮನೆಯ ಬಾಷಾಭಾಯಿಯನ್ನು ಊರವರೇ ಕೊಂದರು. ಹೆಂಡತಿ ಮಕ್ಕಳು ಊರು ಬಿಟ್ಟರು. ಅದೇ ವರ್ಷ ನಮ್ಮ ಪಡಸಾಲೆಗೆ ಹಾಸುಗಲ್ಲು ಬಂದವು. ಅಪ್ಪ ಒಂದೊಂದನ್ನೂ ತಟ್ಟಿ ನೋಡಿ ಹಾಸಿದ್ದ.

ಕ್ಯಾಂಪಿನಿಂದ ಮರಳಿದ ರಾತ್ರಿ, ಆ ಕಲ್ಲು ಯಾರ ಮನೆಯವು ಎಂದು ಅವ್ವನಿಗೆ ಕಾಗದ ಬರೆದೆ. ಯಾರಿಂದಲೋ ಉತ್ತರ ಬರೆಸಿದಳು: "ಹೌದಪಾ, ಬಾಷಾಭಾಯಿ ಮನಿ ಕಲ್ಲೇ ಅವು. ಈಗ್ಯಾಕ ಕೆದಕಾಕತ್ತಿ? ನೀ ಬರೂ ಹೊತ್ತಿಗಿ ಮ್ಯಾಲ ಜಮಖಾನಿ ಹಾಸ್ತೀನಿ, ಕಾಣಂಗಿಲ್ಲ."

ಅದನ್ನು ಹಿಲ್ಡಾಳಿಗೆ ಓದಿ ಹೇಳಿದೆ. ಅಂದು ಸುಳ್ಳಾಡಿದ್ದನ್ನೂ ಹೇಳಿದೆ. ಅವಳು ಬೈಯಲಿಲ್ಲ.

"ಆ ಹೆಂಗಸು, ಮಕ್ಕಳು ಈಗ ಎಲ್ಲಿದ್ದಾರೆ?"

"ನಾವು ಕೇಳಲಿಲ್ಲ" ಅಂದೆ.

ಮುಂದಿನ ತಿಂಗಳು ಊರಿಗೆ ಹೊರಟಿದ್ದೇನೆ. ಅವ್ವ ಹಾಸಿದ ಜಮಖಾನೆ ಮಡಚಿಟ್ಟು, ಬರಿಗಲ್ಲಿನ ಮೇಲೆ ಕೂತು, ಅವರೆಲ್ಲಿ ಎಂದು ಕೇಳಬೇಕು. ಇಲ್ಲಿ ಹೇಗೂ ಪರದೇಶಿ. ಕೇಳಿದ ಮೇಲೆ ಅಲ್ಲಿಯೂ ಆಗುತ್ತೇನೆ.