ಭಾವೂ ಹೋದ ಮೇಲೆ ಬಾಗಿಯಕ್ಕನ ಜೀಗುಜ್ಜೆ

ಡೊಂಬಿವಿಲಿ ಪೂರ್ವದ ಹಳೇ ಚಾಳಿನ ಹಿತ್ತಲಲ್ಲಿ ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ನಲ್ಲಿಯ ಮುಂದೆ ಕೊಡಗಳ ಜಗಳ ಮಾತ್ರ ಆಗಲೇ ಶುರುವಾಗಿದೆ. ಬಾಗಿಯಕ್ಕ ಅದರ ಗೊಡವೆಗೆ ಹೋಗದೆ, ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ತುದಿಗೆ ಬಲೆ ಕಟ್ಟಿದ ದೋಟಿಯನ್ನು ಜೀಗುಜ್ಜೆ ಮರದ ಎಲೆಗಳೊಳಗೆ ತೂರಿಸುತ್ತಾರೆ. ಕಾಯಿ ನೆಲಕ್ಕೆ ಬಿದ್ದರೆ ಸಂಜೆಯೊಳಗೆ ಮೆತ್ತಗಾಗುತ್ತದೆ, ಆಮೇಲೆ ಯಾವ ಹೋಟೆಲಿನವರೂ ಅದನ್ನು ಮೂಸಿ ನೋಡುವುದಿಲ್ಲ. ಅದಕ್ಕೇ ಒಂದೊಂದನ್ನೂ ಬಲೆಯಲ್ಲಿ ಹಿಡಿದು ಇಳಿಸಬೇಕು. ಇವತ್ತು ಕೆಲಸ ಸಾಗುತ್ತಿಲ್ಲ. ಒಂದು ಕಾಯಿ ಇಳಿಸುವುದು, ದೋಟಿ ಗೋಡೆಗೆ ಒರಗಿಸುವುದು, ಮರದ ಬುಡಕ್ಕೆ ಹೋಗಿ ಬಗ್ಗಿ ನೋಡುವುದು, ಮತ್ತೆ ಬರುವುದು, ಹೀಗೇ ನಡೆದಿದೆ.

ಬುಡದಲ್ಲಿ, ಬೇರಿಗಾದ ಗಾಯದ ಮೇಲೆ, ಗೇಣುದ್ದದ ಒಂದು ಚಿಗುರು ನಿಂತಿದೆ. ಜೀಗುಜ್ಜೆಗೆ ಬೀಜವಿಲ್ಲ. ಬೇರಿಗೆ ಗಾಯ ಮಾಡಿದರೆ ಅಲ್ಲಿಂದ ಮರಿ ಏಳುತ್ತದೆ, ಅದನ್ನೇ ಎಬ್ಬಿಸಿ ನೆಡಬೇಕು. ಗಣಪತಿ ಹಬ್ಬ ಕಳೆದರೆ ಬಿಲ್ಡರನ ಜನ ಬರುತ್ತಾರೆ, ಚಾಳೂ ಹೋಗುತ್ತದೆ, ಮರವೂ ಹೋಗುತ್ತದೆ. ಮರಿ ಎದ್ದಿದೆ ಸರಿ, ಅದನ್ನು ನೆಡಲು ಬಾಗಿಯಕ್ಕನ ಹತ್ತಿರ ಅಂಗೈಯಗಲ ನೆಲವಿಲ್ಲ. ಅವರ ನಿದ್ದೆ ಕೆಡಿಸಿರುವುದು ಇದು.

ಕಟಪಾಡಿ ಕಡೆಯ ಬಾಗಿಯಕ್ಕ ಮದುವೆಯಾಗಿ ಡೊಂಬಿವಿಲಿಗೆ ಬಂದವರು. ಗಂಡ ಠಾಣೆಯ ಹೋಟೆಲೊಂದರ ಅಡುಗೆಮನೆಯಲ್ಲಿದ್ದರು. ತವರಿಗೆ ಹೋದಾಗ ಒದ್ದೆ ಗೋಣಿಯಲ್ಲಿ ಸುತ್ತಿ, ಬಸ್ಸಿನಲ್ಲಿ ಮಡಿಲ ಮೇಲಿಟ್ಟುಕೊಂಡು ತಂದ ಮರಿಯೇ ಈಗಿನ ಮರ. ಗಂಡ ತೀರಿಕೊಂಡ ಮೇಲೆ ಮನೆಯ ಒಲೆ ಆರದಂತೆ ನೋಡಿಕೊಂಡಿದ್ದು ಅದೇ. ಜೀಗುಜ್ಜೆಯ ಜೊತೆಗೆ ಪತ್ರೊಡೆಯ ಕೆಸುವಿನೆಲೆ, ಬಾಳೆ ಎಲೆ ಸೇರಿಸಿ ಬುಟ್ಟಿ ಕಟ್ಟಿ, ಲೋಕಲ್ಲಿನ ಲಗೇಜ್ ಡಬ್ಬದಲ್ಲಿ ಠಾಣೆಗೆ, ಅಲ್ಲಿ ಗಾಡಿ ಬದಲಿಸಿ ನೆರೂಳಿಗೆ, ಬೇಲಾಪುರಕ್ಕೆ. ತುಳು ಮಾತಾಡುವ ಮನೆಗಳಲ್ಲಿ ಬುಟ್ಟಿ ಇಳಿಸುವ ಮೊದಲೇ ಕಾಯಿ ಖಾಲಿಯಾಗುತ್ತದೆ. ಬೆಂಗಳೂರು, ಮೈಸೂರಿನವರು ಮಾತ್ರ ಇದು ಎಳೆ ಹಲಸಿನ ಕಾಯಿಯಾ ಎಂದು ಪ್ರತಿ ವರ್ಷವೂ ಕೇಳುತ್ತಾರೆ. ಬಾಗಿಯಕ್ಕ ಪ್ರತಿ ವರ್ಷವೂ ಅಲ್ಲ, ಹಲಸಿನ ನೆಂಟ, ಪಲ್ಯಕ್ಕೆ ಹುಳಿಗೆ ಆಗುವಂಥದ್ದು ಎನ್ನುತ್ತಾರೆ.

ಇಷ್ಟು ದಿನ ಮರ ಉಳಿದದ್ದು ಒಬ್ಬರ ಮಾತಿನಿಂದ. ಈ ಕಡೆ ಎಲ್ಲರೂ ಭಾವೂ ಎಂದೇ ಕರೆಯುತ್ತಿದ್ದ ಹಿರಿಯ ರಾಜಕಾರಣಿ ಒಮ್ಮೆ ಪ್ರಚಾರಕ್ಕೆ ಬಂದವರು ಹಿತ್ತಲಿಗೂ ಕಾಲಿಟ್ಟರು. ಕೊಂಕಣದವರು, ಮರ ಕಂಡದ್ದೇ ತಮ್ಮೂರ ಮಾತಿನಲ್ಲಿ ನೀರ್‌ಫಣಸ್ ಎಂದು ಮಗುವಿನ ಹಾಗೆ ಹಿಗ್ಗಿದರು. ಬಾಗಿಯಕ್ಕ ಅದರ ಹೋಳನ್ನು ಹಿಟ್ಟಿನಲ್ಲದ್ದಿ ಎಣ್ಣೆಯಲ್ಲಿ ಕಾಯಿಸಿ ಕೊಟ್ಟ ಪೋಡಿ ತಿಂದರು. ಚಾಳಿನ ಮಾಲೀಕ ಶೇಖರನ ಹೆಗಲ ಮೇಲೆ ಕೈ ಹಾಕಿ, ನಾನಿರುವ ತನಕ ಈ ಮರ ಮುಟ್ಟಬೇಡ ಎಂದರು. ಆ ಚುನಾವಣೆಯಲ್ಲಿ ಅವರು ಸೋತರು, ಆಮೇಲೆ ಗೆದ್ದರು, ಮತ್ತೆ ಸೋತರು. ಶೇಖರ ಮಾತ್ರ ಮರ ಮುಟ್ಟಲಿಲ್ಲ.

"ನಾನು ಅವರಿಗೆ ಒಂದು ಸಲವೂ ವೋಟು ಹಾಕಿದವಳಲ್ಲ. ಆದರೆ ಅವರಿಗೆ ಜ್ವರ ಬಂತು ಅಂತ ಟಿವಿಯಲ್ಲಿ ಬಂದ್ರೆ ದೇವರಿಗೆ ಕೈ ಮುಗಿಯುತ್ತಿದ್ದೆ. ಅವರ ಪಾರ್ಟಿಯವರು ಕೂಡ ಅಷ್ಟು ಮುಗಿದಿರ್ಲಿಕ್ಕಿಲ್ಲ," ಎನ್ನುತ್ತಾರೆ ಬಾಗಿಯಕ್ಕ. ನಗುವುದಿಲ್ಲ.

ಮಳೆ ಹಿಡಿಯುವ ಹೊತ್ತಿಗೆ ಭಾವೂ ತೀರಿಕೊಂಡರು. ಸ್ಟೇಷನ್ ರಸ್ತೆಯ ಶಟರುಗಳು ಇಳಿದವು, ರಿಕ್ಷಾಗಳು ನಿಂತವು, ಕಿತ್ತಿಟ್ಟ ಕಾಯಿಗಳು ಬುಟ್ಟಿಯಲ್ಲೇ ಹಣ್ಣಾದವು. ಟಿವಿಯಲ್ಲಿ ಎದುರು ಪಕ್ಷದವರೂ ಅವರನ್ನು ಕೊಂಡಾಡಿದರು. ಬದುಕಿದ್ದಾಗ ಇದರಲ್ಲಿ ಅರ್ಧ ಹೇಳಿದ್ದರೆ ಆ ಮುದುಕ ಇನ್ನೊಂದೆರಡು ವರ್ಷ ಹೆಚ್ಚು ಬಾಳುತ್ತಿದ್ದರೇನೋ ಎಂದು ಬಾಗಿಯಕ್ಕನಿಗೆ ಸಿಟ್ಟು ಬಂತು. ಅಳುವೂ ಬಂತು. ಶೇಖರ ಶ್ರದ್ಧಾಂಜಲಿಯ ಫ್ಲೆಕ್ಸ್ ಮಾಡಿಸಿ, ಭಾವೂಗಿಂತ ದೊಡ್ಡದಾಗಿ ತನ್ನ ಮುಖ ಹಾಕಿಸಿಕೊಂಡ.

ಅದೇ ಮಧ್ಯಾಹ್ನ, ಇನ್ನು ಶೇಖರನನ್ನು ತಡೆಯುವವರಿಲ್ಲ, ಒಂದು ಮರಿಯಾದರೂ ಉಳಿಯಲಿ ಎಂದು ಬಾಗಿಯಕ್ಕ ಹಾರೆ ಹಿಡಿದು ಬೇರಿಗೆ ಹಾಕಿದರು. ಬುಡದಿಂದ ದೂರ ಹೋಗಿ ಬೆರಳಿನಷ್ಟು ಬೇರು ಹುಡುಕಬೇಕೆಂದು ತಿಳಿಯದವರಲ್ಲ, ಊರಲ್ಲಿ ಚಿಕ್ಕಂದಿನಿಂದ ನೋಡಿದವರು. ಗಾಬರಿಯಲ್ಲಿ ಬುಡದ ಹತ್ತಿರದ ದಪ್ಪ ಬೇರನ್ನೇ ಕಡಿದರು. ವಾರದೊಳಗೆ ಎಲೆ ಹಳದಿಯಾಯಿತು, ಎಳೆ ಮಿಡಿಗಳು ಉದುರಿದವು. ಕೊಡಲಿ ಶೇಖರನ ಕೈಯಲ್ಲಿದೆ ಎಂದು ಇಷ್ಟು ವರ್ಷ ಹೆದರಿದ್ದವರಿಗೆ ತಮ್ಮ ಕೈಯ ಮೇಲೇ ಹೇಸಿಗೆಯಾಯಿತು. ಚಿಗುರು ಕಾಣಿಸಿಕೊಳ್ಳುವವರೆಗೆ ಅನ್ನ ಸೇರಲಿಲ್ಲ.

ಆಮೇಲೆ ನೆಲ ಹುಡುಕುವ ಕೆಲಸ. ನೆರೂಳಿನ ಸೊಸೈಟಿಯವರು ಕಾಯಿ ಕಾರಿನ ಮೇಲೆ ಬೀಳುತ್ತದೆ ಎಂದರು. ಬೇಲಾಪುರದ ಗಿರಾಕಿಯೊಬ್ಬರು ಏಳನೇ ಮಹಡಿಯ ಬಾಲ್ಕನಿಯ ಕುಂಡ ತೋರಿಸಿದರು. ಅವರ ಒಳ್ಳೆಯ ಮನಸ್ಸಿಗೆ ಕೈ ಮುಗಿದು ಬಾಗಿಯಕ್ಕ ಮೆಟ್ಟಿಲಿಳಿದು ಬಂದರು. ಹಿತ್ತಲಿರುವ ಮನೆ ಅವರಿಗೆ ಗೊತ್ತಿರುವುದು ಇನ್ನೊಂದೇ, ಠಾಣೆಯ ಮಾಜಿವಾಡಾದಲ್ಲಿ ಭಾವೂ ಅವರದು.

ಈ ಬೆಳಿಗ್ಗೆ ಅವರು ಕೊನೆಗೂ ದೋಟಿ ಬದಿಗಿಟ್ಟು, ಬೇರಿನ ತುಂಡು ಸಮೇತ ಮರಿಯನ್ನು ಎಬ್ಬಿಸಿ ಎಣ್ಣೆ ಡಬ್ಬಿಗೆ ಇಳಿಸುತ್ತಾರೆ. ಒಂದು ಚೀಲದಲ್ಲಿ ಎರಡು ಕಾಯಿ ಹಾಕಿಕೊಳ್ಳುತ್ತಾರೆ. ಮಾಜಿವಾಡಾದ ಮನೆಯ ಮುಂದೆ ಈಗ ಕಾರುಗಳಿಲ್ಲ, ಚಪ್ಪಲಿಗಳ ರಾಶಿಯಿಲ್ಲ. ಬಾಗಿಲು ತೆಗೆದ ಭಾವೂ ಅವರ ಸೊಸೆ ತನ್ವಿ ನಾಗಪುರದ ಹುಡುಗಿ. ಶಿಫಾರಸಿಗೆ ಬಂದವರಿರಬೇಕೆಂದು, ಮಾವ ಇಲ್ಲ, ಈಗ ನಮ್ಮಿಂದ ಏನೂ ಆಗುವುದಿಲ್ಲ ಎಂದು ಮೆಲ್ಲಗೆ ಹೇಳುತ್ತಾಳೆ.

ಬಾಗಿಯಕ್ಕ ತಮ್ಮ ಅರೆಬರೆ ಮರಾಠಿಯಲ್ಲಿ, ಮಾಡಿಕೊಡುವುದೇನೂ ಬೇಡ, ಹಿತ್ತಲಲ್ಲಿ ಸ್ವಲ್ಪ ಮಣ್ಣು ಸಾಕು ಎನ್ನುತ್ತಾರೆ. ಮರದ ಕತೆ ಹೇಳುತ್ತಾರೆ. ಮರದ ಹೆಸರು ಕೇಳಿದ್ದೇ ತನ್ವಿ ಬಾಗಿಲು ಪೂರ್ತಿ ತೆರೆಯುತ್ತಾಳೆ. ಕೊನೆಯ ದಿನಗಳಲ್ಲಿ ಮಾವ ಆಸ್ಪತ್ರೆಯಲ್ಲಿ ನೀರ್‌ಫಣಸ್ ಕೇಳಿದ್ದರಂತೆ. ಅದು ಎಲ್ಲಿ ಸಿಗುತ್ತದೆಂದು ಮನೆಯಲ್ಲಿ ಯಾರಿಗೂ ಗೊತ್ತಾಗಲಿಲ್ಲವಂತೆ. ಬಾಗಿಯಕ್ಕ ದಿನ ಲೆಕ್ಕ ಹಾಕುತ್ತಾರೆ. ಆಗ ಮರದ ತುಂಬ ಕಾಯಿಯಿತ್ತು.

ಬಾವಿಕಟ್ಟೆಯ ಹಿಂದೆ, ಬಿಸಿಲು ಬೀಳುವ ಮೂಲೆಯಲ್ಲಿ ಇಬ್ಬರೂ ಸೇರಿ ಗುಂಡಿ ತೋಡುತ್ತಾರೆ. ಕೈ ತೊಳೆದ ಮೇಲೆ ಬಾಗಿಯಕ್ಕ ಹೊರಡುವುದಿಲ್ಲ. ಚೀಲದಿಂದ ಕಾಯಿ ತೆಗೆದು, ಅಡುಗೆಮನೆ ಎಲ್ಲಿ ಎಂದು ಕೇಳುತ್ತಾರೆ. ಸಿಪ್ಪೆ ಹೆರೆಯುತ್ತಾ, ಈ ಬಾರಿ ಕನ್ನಡದಲ್ಲೇ, ಯಾರಿಗೂ ಅಲ್ಲವೆಂಬಂತೆ ಹೇಳುತ್ತಾರೆ:

"ಇದರ ರುಚಿ ಈ ಹುಡುಗಿಯ ನಾಲಿಗೆಗೆ ಒಮ್ಮೆ ಹತ್ತಲಿ. ಮತ್ತೆ ಆ ಮರಿಗೆ ಕೈ ಹಚ್ಚಲಿಕ್ಕೆ ಅವಳು ಯಾರನ್ನೂ ಬಿಡುವುದಿಲ್ಲ."