ಮಡಿಕೆಯ ಕಡೆ ತಿರುಗಿದ ಮುಖ

ಆ ಸಂಗೀತ ಪತ್ರಿಕೆಯ ಪುಟ ಕಟ್ಟುವ ಹೆಂಗಸಿಗೆ ಕಚೇರಿಯಲ್ಲಿ ಅಳತೆಯಮ್ಮ ಎಂದೇ ಹೆಸರು. ಎರಡು ಸಾಲಿನ ನಡುವೆ ಕೂದಲೆಳೆಯಷ್ಟು ಹೆಚ್ಚುಕಡಿಮೆಯಾದರೂ ಅವಳಿಗೆ ಊಟ ಸೇರುತ್ತಿರಲಿಲ್ಲ. ಸಂಗೀತದ ತಲೆಬುಡ ಗೊತ್ತಿಲ್ಲ. ಲೇಖನಗಳನ್ನು ಓದಿದವಳೂ ಅಲ್ಲ. ಅಕ್ಷರವೆಂದರೆ ಅವಳ ಪಾಲಿಗೆ ಜಾಗ ತುಂಬುವ ಬೂದು ಇಟ್ಟಿಗೆ. ಹೆದರುವುದರಲ್ಲಿ ಮಾತ್ರ ಅವಳನ್ನು ಮೀರಿಸುವವರಿರಲಿಲ್ಲ. ಸಂಪಾದಕರು ಕೆಮ್ಮಿದರೂ ಎದೆ ಧಸಕ್ಕೆನ್ನುತ್ತಿತ್ತು. ಗಂಡ ಕಾಯಿಲೆಯಾಗಿ ಮನೆ ಹಿಡಿದ ಮೇಲೆ ಸಂಸಾರ ಇವಳ ಸಂಬಳದ ಮೇಲೇ ನಿಂತಿತ್ತು. ಹೆದರದೆ ಇನ್ನೇನು ಮಾಡಿಯಾಳು ಪಾಪ.

ಈ ಸಲದ ನಡುಪುಟಗಳೆರಡೂ ಒಬ್ಬ ಹಿರಿಯ ಪಿಟೀಲು ವಾದಕರಿಗೆ ಮೀಸಲು. ಎಡಪುಟದ ತುಂಬ ಅವರು ಪಿಟೀಲು ನುಡಿಸುತ್ತಿರುವ ಚಿತ್ರ, ಬಲಪುಟದಲ್ಲಿ ಬರಹ. ಮೂರು ದಿನ ತಿದ್ದಿದಳು. ತಲೆಬರಹ ಚಿಕ್ಕದಾಯಿತು, ಮೂರು ಕಾಲಂ ಎರಡಾಯಿತು, ಅಂಚಿನ ಬಿಳಿ ಅಗಲವಾಯಿತು. ಆದರೂ ಕಣ್ಣಿಗೆ ಕಿರಿಕಿರಿ. ಅಜ್ಜ ಬರಹಕ್ಕೆ ಬೆನ್ನು ಹಾಕಿ ಪುಟದಾಚೆ ನೋಡುತ್ತಿದ್ದರು. ಮುಖ ಯಾವಾಗಲೂ ನಡುವಿನ ಮಡಿಕೆಯ ಕಡೆಗಿರಬೇಕು, ಪುಟ ಕಟ್ಟುವವರು ಕಲಿಯುವ ಮೊದಲ ಪಾಠವೇ ಅದು. ಚಿತ್ರವನ್ನು ಕನ್ನಡಿಯಲ್ಲಿ ಕಂಡಂತೆ ಎಡಬಲ ತಿರುಗಿಸಿದಳು. ಪುಟ ಕೂತಿತು. ಹೊಗಳಿ ಗೊತ್ತೇ ಇಲ್ಲದ ಸಂಪಾದಕರೂ "ಪರವಾಗಿಲ್ಲ" ಅಂದರು. ಮರುದಿನ ಬೆಳಿಗ್ಗೆ ಪುಟಗಳು ಅಚ್ಚಿಗೆ ಹೋದವು.

ಮಧ್ಯಾಹ್ನ ಊಟದ ಡಬ್ಬಿ ಬಿಚ್ಚುತ್ತ ಕರಡು ತಿದ್ದುವ ಅಕ್ಕ ಹೇಳಿದಳು:

"ಆ ಪಿಟೀಲು ಅಜ್ಜನ ಕಥೆ ಓದಿ ಅತ್ತೇಬಿಟ್ಟೆ ಕಣೆ. ಎಡಗೈ ಬೆರಳು ಎರಡು ಯಂತ್ರಕ್ಕೆ ಸಿಕ್ಕಿ ಹೋದ್ವಂತೆ. ಆಮೇಲೆ ಪಿಟೀಲನ್ನ ಬಲ ಭುಜಕ್ಕೆ ಇಟ್ಕೊಂಡು, ಕಮಾನು ಎಡಗೈಗೆ ಬದಲಾಯಿಸಿ, ಒಂಬತ್ತು ವರ್ಷ ಮೊದಲಿಂದ ಕಲಿತ್ರಂತೆ!"

ಅಳತೆಯಮ್ಮ ಕೈಯಲ್ಲಿದ್ದ ತುತ್ತನ್ನು ಡಬ್ಬಿಗೇ ಹಾಕಿದಳು. ಅವಳು ತಿರುಗಿಸಿದ ಚಿತ್ರದಲ್ಲಿ ಅಜ್ಜ ಎಲ್ಲರ ಹಾಗೆ ಬಲಗೈಯಲ್ಲಿ ಕಮಾನು ಹಿಡಿದಿದ್ದರು. ಅದಕ್ಕೇ ಯಾರಿಗೂ ಅನುಮಾನ ಬಂದಿರಲಿಲ್ಲ. ಒಂಬತ್ತು ವರ್ಷದ ಪಾಡನ್ನು ಅವಳು ಒಂದು ಗುಂಡಿ ಒತ್ತಿ ಅಳಿಸಿಹಾಕಿದ್ದಳು.

ಕೈ ತೊಳೆಯದೆ ಎದ್ದು ಹಿಂದಿನ ಬೀದಿಯ ಅಚ್ಚುಮನೆಗೆ ಓಡಿದಳು. ದಾರಿಯಲ್ಲೇ ಸಂಪಾದಕರಿಗೆ ಫೋನು ಹಚ್ಚಿ ತಡವರಿಸುತ್ತ ಎಲ್ಲ ಹೇಳಿದಳು.

"ಯಾರ ಕಣ್ಣಿಗೂ ಬೀಳಲ್ಲ, ಬಿಡಿ," ಅಂದರು ಅವರು. "ಮುಂದಿನ ತಿಂಗಳು ಒಂದು ಸಾಲು ಹಾಕಿದ್ರಾಯ್ತು. ಯಂತ್ರ ನಿಲ್ಸಿದ್ರೋ, ನಾಳೆಯಿಂದ ಬರೋದು ಬೇಡ."

ಬಿಟ್ಟಿದ್ದರೆ ಕೆಲಸ ಉಳಿಯುತ್ತಿತ್ತು, ಬೈಗುಳವೂ ಇಲ್ಲ. ಅಚ್ಚುಮನೆಯ ಬಾಗಿಲಲ್ಲಿ ನಿಂತಳು. ಯಂತ್ರದ ಬಾಯಿಂದ ಹಾಳೆಗಳು ಒಂದರ ಮೇಲೊಂದು ಬೀಳುತ್ತಿದ್ದವು, ಪ್ರತಿಯೊಂದರಲ್ಲೂ ಆ ಅಜ್ಜ. ಅವರ ಮನೆಗೆ ಹೋಗುವ ಪ್ರತಿಯೂ ಆ ರಾಶಿಯಲ್ಲೇ ಎಲ್ಲೋ ಇತ್ತು. ಅವಳು ಅಚ್ಚಿನವನ ಹತ್ತಿರ ಹೋದಳು.

"ಅಣ್ಣಾ, ನಿಲ್ಸಬೇಕಂತೆ," ಅಂದಳು. "ಸಂಪಾದಕರು ಹೇಳಿದ್ರು."

ಜನ್ಮದಲ್ಲಿ ಸುಳ್ಳು ಹೇಳಲೂ ಹೆದರಿದವಳು. ಅಚ್ಚಿನವನು ನಂಬಿ ಯಂತ್ರ ನಿಲ್ಲಿಸಿದ. ತಿದ್ದಿದ ಪುಟದ ಹೊಸ ಪ್ಲೇಟು ಯಾವಾಗ ಬರುತ್ತದೆಂದು ಕೇಳಲು ಸಂಪಾದಕರಿಗೇ ಫೋನು ಮಾಡಿದ. ಎರಡು ಮಾತು ಕೇಳಿಸಿಕೊಂಡು, ಇವಳ ಮುಖ ನೋಡಿ, ಫೋನನ್ನು ಇವಳ ಕೈಗಿಟ್ಟ.

"ನಾನೇ ನಿಲ್ಸಿದ್ದು ಸಾರ್."

"ಎಷ್ಟ್ರೀ ಧೈರ್ಯ ನಿಮಗೆ?"

"ಧೈರ್ಯ ಎಲ್ಲಿಂದ ಬರ್ಬೇಕು ಸಾರ್," ಅಂದಳು ಅಳತೆಯಮ್ಮ. "ಆ ಅಜ್ಜ ಈ ಪುಟ ತೆಗೆದು ನೋಡ್ತಾರಲ್ಲ, ಅದನ್ನ ನೆನೆಸ್ಕೊಂಡ್ರೆ ಭಯ ಆಗುತ್ತೆ. ನೀವಂದ್ರೆ ಅಷ್ಟು ಆಗಲ್ಲ."